ಮೈಬಿಸಿ ತೊಟ್ಟಿ

ಸೀಸೆಯೊಳಗೆ ಲೊಟಕ್ ಲೊಟಕ್ ಎಂದ ಸದ್ದು ಡೋರೀನಳ ಕಿವಿ ಬಿಟ್ಟು ಹೋಗಲೇ ಇಲ್ಲ. ಮಧ್ಯಾಹ್ನ ಫ್ಯಾಕ್ಟರಿ ಗೇಟಿನ ಬಳಿ, ಕಾರಿನ ಹಿಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಅವಳ ಅತ್ತೆ ಬರ್ನೀಸ್, ಅವಳು ಒಳಗಿನಿಂದ ತಂದುಕೊಟ್ಟ ಹಾಲಿನ ಸೀಸೆಯನ್ನು ಅಲ್ಲಾಡಿಸಿ, "ಇದೇನೇ, ಒಳಗೆ ಕಲ್ಲು ಹಾಕಿದ್ದೀಯಾ?" ಎಂದು ನಕ್ಕಿದ್ದಳು. ಕಲ್ಲಲ್ಲ, ಮಂಜುಗಡ್ಡೆ. ಡೋರೀನ್ ಸೀಸೆಯನ್ನು ಕಸಿದುಕೊಂಡು ಕೋಟಿನೊಳಗೆ ಎದೆಗೆ ಒತ್ತಿ ಹಿಡಿದು, ಅಷ್ಟಿಷ್ಟು ಕರಗಿಸಿ, ಮಗುವಿನ ಬಾಯಿಗಿಟ್ಟು, ಸೈರನ್ ಕೂಗಿತೆಂದು ಒಳಗೆ ಓಡಿದ್ದಳು.

ಆಗ ಅವಳಿಗಿದ್ದ ಹೆದರಿಕೆ ಒಂದೇ. ತಣ್ಣನೆ ಹಾಲು ಕುಡಿದು ಲಿಡಿಯಾಗೆ ಹೊಟ್ಟೆ ಹಿಡಿದುಕೊಂಡರೆ? ಸಂಜೆ ಮನೆಗೆ ಬಂದಾಗ ಮಗು ಒಂದು ಬಿಕ್ಕಳಿಕೆಯೂ ಇಲ್ಲದೆ ನಿದ್ದೆ ಹೊಡೆಯುತ್ತಿತ್ತು. ಡೋರೀನ್ ಎಂದಿನಂತೆ ಅದರ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿದಳು. ಇನ್ನೇನು ತಾನೂ ಒಂದು ಉಸಿರು ಬಿಡಬೇಕು, ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಕಲ್ಲಾಗಿದ್ದ ಹಾಲು ಅಷ್ಟಾದರೂ ಕರಗಿದ್ದು ಫ್ಯಾಕ್ಟರಿಯಲ್ಲಿ, ಇರ್ಮಾಳ ಬೆಚ್ಚನೆ ಎಣ್ಣೆ ತೊಟ್ಟಿಯಲ್ಲಿ. ತೊಟ್ಟಿಯ ಬಿಸಿ ಹಾಲಿಗೆ ಬಂತು, ಸರಿ. ಹಾಲಿನ ತಂಪು ಎಲ್ಲಿಗೆ ಹೋಯಿತು?

ಬಿಲ್ಲೆಗಳಿಗೆ ಹೋಯಿತು.

ಆ ಊರಿನ ಅರ್ಧ ಜನ ಅನ್ನ ತಿನ್ನುವುದು ಆ ಬಿಲ್ಲೆಗಳಿಂದ. ಕೋಟಿನ ಗುಂಡಿಯಷ್ಟಗಲ, ಇದ್ದಿಲಿನಷ್ಟು ಕಪ್ಪು. ಯಾವುದೇ ದೊಡ್ಡ ಯಂತ್ರದ ಸ್ವಿಚ್ ಒತ್ತಿದ ಆ ಕ್ಷಣ ಕರೆಂಟು, ದೊಡ್ಡಿಯ ಬಾಗಿಲು ತೆಗೆದ ಕೂಡಲೆ ನುಗ್ಗುವ ದನಗಳ ಹಾಗೆ ನುಗ್ಗುತ್ತದೆ. ತಣ್ಣಗಿರುವ ಬಿಲ್ಲೆ ಬಾಗಿಲಲ್ಲಿ ನಿಂತು ತಡೆಯುತ್ತದೆ, ಮೆಲ್ಲಮೆಲ್ಲಗೆ ಒಳಕ್ಕೆ ಬಿಡುತ್ತದೆ. ಕರೆಂಟು ಹರಿದು ತಾನೂ ಬಿಸಿಯಾದ ಮೇಲೆ ಪಕ್ಕಕ್ಕೆ ಸರಿದು ದಾರಿ ಕೊಡುತ್ತದೆ. ತಣ್ಣಗಿದ್ದಷ್ಟೂ ಮೊಂಡು, ಬಿಸಿಯಾದಷ್ಟೂ ಸಡಿಲ. ಅದರ ಗುಣವೇ ಅದು. ಅದಕ್ಕೇ ಅದರ ತಡೆಯುವ ಶಕ್ತಿಯನ್ನು ಅಳೆಯುವಾಗ ಎಷ್ಟು ಬಿಸಿಯಲ್ಲಿ ಅಳೆದೆವು ಎಂಬುದೇ ಎಲ್ಲಕ್ಕಿಂತ ಮುಖ್ಯ. ತಣ್ಣಗಿನ ಎಣ್ಣೆಯಲ್ಲಿ ಅಳೆದರೆ ಪುಕ್ಕಲು ಬಿಲ್ಲೆಯೂ ಶೂರನ ಹಾಗೆ ಕಾಣುತ್ತದೆ.

ಅಳೆಯುವವಳು ಇರ್ಮಾ ಗಾಸ್ನರ್.

ಇರ್ಮಾ ಪರೀಕ್ಷೆಯ ಕೋಣೆಗೆ ಸೇರಿದಾಗ ಶಾಲೆಯ ಶೂ ಇನ್ನೂ ಸವೆದಿರಲಿಲ್ಲ. ಆಗ ಬಿಲ್ಲೆಗಳು ಹೋಗುತ್ತಿದ್ದದ್ದು ಟೀವಿ ಪೆಟ್ಟಿಗೆಗಳಿಗೆ. ಮದುವೆಯಾದಳು, ಮೂರು ಹೆತ್ತಳು, ಮೂವರೂ ಬೇರೆ ಬೇರೆ ಊರು ಸೇರಿದರು. ಬಿಲ್ಲೆ ಸುಡುವ ಕುಲುಮೆಯ ಬಳಿ ಕೆಲಸಕ್ಕಿದ್ದ ಗಂಡ ಎಡ್ಡಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮಣ್ಣು ಮಾಡಿ ಬಂದ ವಾರವೇ ಇರ್ಮಾ ಮತ್ತೆ ಬೆಂಚಿಗೆ ಬಂದು ಕೂತಳಂತೆ. "ಮನೇಲಿ ಕೂತು ಯಾರ ಮುಖ ನೋಡ್ಲಿ? ಇಲ್ಲಿ ಮೀಟರಿನ ಮುಳ್ಳಾದ್ರೂ ಕೇಳಿದ್ದಕ್ಕೆ ಉತ್ತರ ಕೊಡುತ್ತೆ" ಅಂದಳಂತೆ.

ಅವಳ ಕೋಣೆಗೆ ಕಾಫಿ ಲೋಟ ತರುವಂತಿಲ್ಲ. ಬಾಗಿಲು ತೆರೆದು ಮಾತಾಡುತ್ತ ನಿಲ್ಲುವಂತಿಲ್ಲ, ನಿಂತರೆ ತಲೆಯೆತ್ತದೆಯೇ "ಬಾಗ್ಲು!" ಎಂದು ಗದರುತ್ತಿದ್ದಳು, ಎದುರಿಗಿರುವವನು ಮ್ಯಾನೇಜರನೇ ಆಗಲಿ. ಬಿಲ್ಲೆಯನ್ನು ಚಿಮಟದಲ್ಲೇ ಎತ್ತಬೇಕು. "ಬೆರಳು ತಾಗಿಸಿದ್ಯೋ, ಆ ಬಿಲ್ಲೆ ಇನ್ನು ಸುಳ್ಳೇ ಹೇಳೋದು." ಮನೆಯಲ್ಲೂ ಅಷ್ಟೆ. ಚಳಿಗಾಲದ ಬಿರುಗಾಳಿಗೆ ಕರೆಂಟು ಹೋಗಿ ಬಂದರೆ ಊರಿನವರೆಲ್ಲ ಸಡಗರದಿಂದ ಸ್ವಿಚ್ ಒತ್ತುವಾಗ ಇರ್ಮಾ ಪ್ಲಗ್ಗುಗಳನ್ನು ಕಿತ್ತಿಟ್ಟು, ಜಪಸರ ಹಿಡಿದು ಒಂದು ಸುತ್ತು ಪ್ರಾರ್ಥನೆ ಮುಗಿಸಿದ ಮೇಲೆಯೇ ಫ್ರಿಜ್ಜಿಗೆ ಕರೆಂಟು ಕೊಡುತ್ತಿದ್ದಳು. ಬಿಸಿಯಾದ ಬಿಲ್ಲೆ ತಣ್ಣಗಾಗದೆ ಇನ್ನೊಂದು ನುಗ್ಗನ್ನು ತಡೆಯಲಾರದು. "ದೇವರಿಗೂ ಆಯ್ತು, ಬಿಲ್ಲೆಗೂ ಉಸಿರು ಬಂತು."

ಇಷ್ಟೆಲ್ಲ ಕಟ್ಟುನಿಟ್ಟಿನ ಇರ್ಮಾಳ ಕಣ್ಣಿಗೆ ಹಾಲಿನ ಸೀಸೆ ಮಾತ್ರ ಯಾವ ನಿಯಮದೊಳಗೂ ಬಂದಿರಲಿಲ್ಲ. ಬೆಂಚಿನ ಪಕ್ಕದಲ್ಲಿದ್ದ ಉದ್ದನೆಯ ಎಣ್ಣೆ ತೊಟ್ಟಿಯನ್ನು ಹಗಲಿರುಳೂ ಮನುಷ್ಯರ ಮೈಯಷ್ಟೇ ಬೆಚ್ಚಗೆ ಇಟ್ಟಿರುತ್ತಿದ್ದರು. ರೋಗಿಯ ಹಾಸಿಗೆಯ ಪಕ್ಕ ನಿಲ್ಲುವ ಯಂತ್ರಗಳ ಬಿಲ್ಲೆಗಳನ್ನು ಆ ಬಿಸಿಯಲ್ಲೇ ನೋಡಿ ಕಳಿಸಬೇಕೆಂದು ಕೊಳ್ಳುವವರ ಕರಾರು. ಮೈಯಷ್ಟೇ ಬಿಸಿ ಅಂದರೆ ಮಗುವಿನ ಹಾಲಿಗೆ ಹೇಳಿ ಮಾಡಿಸಿದ ಬಿಸಿ. ಯಾವ ತಾಯಿಗೆ ಮೊದಲು ಹೊಳೆಯಿತೋ, ಆ ಕೋಣೆಯ ಹೆಂಗಸರೆಲ್ಲ ಮಧ್ಯಾಹ್ನದ ಸೀಸೆಯನ್ನು ಬ್ರೆಡ್ಡಿನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಗೆ ರಬ್ಬರು ಸುತ್ತಿ, ತೊಟ್ಟಿಯ ಎಡಮೂಲೆಯಲ್ಲಿ ಇಳಿಬಿಡುತ್ತ ಬಂದಿದ್ದರು. ಅಷ್ಟು ಹೊತ್ತು ಎಣ್ಣೆ ಕಲಕುವ ರೆಕ್ಕೆಯನ್ನು ನಿಲ್ಲಿಸುತ್ತಿದ್ದರು, ಚೀಲ ಸಿಕ್ಕಿಕೊಳ್ಳಬಾರದೆಂದು. ಡಬ್ಬಿ ಹಾಲಿನ ಸೀಸೆ, ಕೋಣೆಯಷ್ಟೇ ಬೆಚ್ಚಗಿರುವುದು, ಅಷ್ಟು ದೊಡ್ಡ ತೊಟ್ಟಿಗೆ ಲೆಕ್ಕವೇ ಅಲ್ಲ. ಬೀರುವಿನ ಬಾಗಿಲಿನ ಒಳಗೆ ಆ ತೊಟ್ಟಿಯ ಹಾಲು ಕುಡಿದ ಮಕ್ಕಳ ಫೋಟೋಗಳು ಸಾಲಾಗಿದ್ದವು. ಈಗ ಅದೇ ಕೋಣೆಯ ಸೂಪರ್‌ವೈಸರ್ ಆಗಿರುವ ನಾರ್ಬರ್ಟ್ ಕೂಡ ಅಲ್ಲಿದ್ದ, ಹಲ್ಲಿಲ್ಲದೆ ನಗುತ್ತ.

ಡೋರೀನ್ ಪಿಟ್ಸ್‌ಬರ್ಗಿನಿಂದ ಮದುವೆಯಾಗಿ ಬಂದವಳು, ಈಚೆಗಷ್ಟೇ ಅದೇ ಕೋಣೆಗೆ ಕೆಲಸಕ್ಕೆ ಸೇರಿದವಳು. ಎರಡು ವರ್ಷ ಕಾಲೇಜು ಓದಿದವಳು, ಎಲ್ಲದಕ್ಕೂ ಪುಸ್ತಕ ನೋಡುವವಳು, ನೋಡಿದ ಮೇಲೆ ಇನ್ನಷ್ಟು ಹೆದರುವವಳು. ಲಿಡಿಯಾ ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯಿಂದ ಬರುವಾಗ ಜೊತೆಗೆ ಆಮ್ಲಜನಕದ ಯಂತ್ರವೂ ಬಂದಿತ್ತು. ಅದೀಗ ವಾಪಸು ಹೋಗಿದೆ, ತೊಟ್ಟಿಲ ಪಕ್ಕದ ಜಮಖಾನೆಯಲ್ಲಿ ಅದರ ನಾಲ್ಕು ಕಾಲಿನ ಗುಳಿಗಳು ಮಾತ್ರ ಉಳಿದಿವೆ. ಎದೆಹಾಲನ್ನು ಹಿಂಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿಡಲು ಹೇಳಿಕೊಟ್ಟದ್ದೂ ಆಸ್ಪತ್ರೆಯವರೇ. ದಿನಾ ಹಿಂದಿನ ರಾತ್ರಿಯೇ ಒಂದು ಸೀಸೆ ತೆಗೆದು ಕೆಳಗಿಟ್ಟು ಕರಗಿಸಿಕೊಂಡು ತರುತ್ತಿದ್ದಳು. ಈ ಶುಕ್ರವಾರ ಕರಗಿದ ಸೀಸೆಯನ್ನು ಬರ್ನೀಸ್ ಬೆಳಿಗ್ಗೆಯೇ ಕುಡಿಸಿಬಿಟ್ಟಿದ್ದಳು. ಅವಸರದಲ್ಲಿ ಡೋರೀನ್ ಫ್ರೀಜರಿನಿಂದ ಇನ್ನೊಂದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಓಡಿ ಬಂದಿದ್ದಳು.

ಈಗ ಒಂದೊಂದೇ ನೆನಪಾಗತೊಡಗಿತು. ಆ ಬೆಳಿಗ್ಗೆ ಇರ್ಮಾ ಗೊಣಗುತ್ತಿದ್ದಳು: "ಕುಲುಮೆಯೋರು ಏನು ಸುಟ್ಟಿದ್ದಾರೋ, ಬರೀ ಸತ್ತ ಬಿಲ್ಲೆಗಳು." ಎರಡಕ್ಕೊಂದು ಬಿಲ್ಲೆ ಟಣ್ಣೆಂದು ಕೆಟ್ಟವುಗಳ ಡಬ್ಬಕ್ಕೆ ಬೀಳುತ್ತಿತ್ತು. ಆಮೇಲೆ ಸೀಸೆ ತೊಟ್ಟಿಗೆ ಇಳಿಯಿತು. ರೆಕ್ಕೆ ನಿಂತಿತು. ಬಿಲ್ಲೆಗಳ ಜಾಲರಿ ಬುಟ್ಟಿ ಸೀಸೆಯ ಪಕ್ಕದಲ್ಲೇ ಮುಳುಗಿತ್ತು. ಥರ್ಮಾಮೀಟರು ಬಲಮೂಲೆಯಲ್ಲಿ. ಆಮೇಲೆ ಡಬ್ಬ ಸುಮ್ಮನಾಯಿತು. ಊಟದ ಸೈರನ್ ಕೂಗುವಷ್ಟರಲ್ಲಿ ಇಡೀ ಲಾಟು ಮುಗಿಸಿ ಇರ್ಮಾ ಬೆನ್ನು ನೆಟ್ಟಗೆ ಮಾಡಿ ಅಂದಿದ್ದಳು: "ನೋಡಿದ್ಯಾ, ನಿನ್ನ ಮಗಳ ಹಾಲು ಬಂತು, ಅದೃಷ್ಟ ಬಂತು!"

ಆ ಲಾಟು ಹೋಗುವುದು ಆಮ್ಲಜನಕದ ಯಂತ್ರ ಮಾಡುವವರಿಗೆ. ಸೋಮವಾರ ಬೆಳಿಗ್ಗೆ ಲಾರಿ.

ಈಸ್ಟರಿನ ಮುಂಚಿನ ಉಪವಾಸದ ಕಾಲ, ಮಾಂಸ ಮುಟ್ಟದ ಶುಕ್ರವಾರ. ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಮೀನಿನ ಊಟ. ಗಂಡ ಕರ್ಟ್ ಮಗುವನ್ನು ಎತ್ತಿಕೊಂಡ, ಡೋರೀನ್ ಹಿಂದೆ ನಡೆದಳು. ಮೆಟ್ಟಿಲ ಬಾಯಲ್ಲಿ ಪ್ರತಿ ವರ್ಷದಂತೆ ಇರ್ಮಾ ಊಟದ ಚೀಟಿ ಹರಿಯುತ್ತ ನಿಂತಿದ್ದಳು. ಇಡೀ ಊರು ಹಸಿದುಕೊಂಡು ಒತ್ತುತ್ತಿತ್ತು.

"ಒಬ್ಬೊಬ್ರೇ ಬನ್ರಪ್ಪಾ, ಹುರಿದ ಮೀನು ಈಜಿ ಓಡಿಹೋಗಲ್ಲ!"

"ಇರ್ಮಾ, ನೀವು ಬಿಸಿಯಾದ ಮೇಲಾದ್ರೂ ಒಳಗೆ ಬಿಡ್ತೀರೋ ಇಲ್ವೋ?" ಹಿಂದಿನಿಂದ ಕೂಗಿದವನು ನಾರ್ಬರ್ಟ್.

"ನಾನು ಬಿಸಿಯಾದ್ರೆ ನೀನು ಒಳಗಲ್ಲ ಕಣೋ, ಆಸ್ಪತ್ರೆಗೆ ಹೋಗ್ತೀಯ!"

ಸಾಲಿಗೆ ಸಾಲೇ ನಕ್ಕಿತು. ಡೋರೀನಳಿಗೆ ನಗು ಬರಲಿಲ್ಲ. ಜನ ಕರಗುವವರೆಗೆ ಗೋಡೆಗೆ ಒರಗಿ ನಿಂತಳು.

"ಇರ್ಮಾ, ಒಂದು ಮಾತು."

"ಮಗು ಹುಷಾರಾಗಿದೆ ತಾನೆ?"

"ಹುಷಾರಾಗಿದೆ. ಇವತ್ತಿನ ಸೀಸೆ ಇತ್ತಲ್ಲ... ಅದು ಫ್ರೀಜರಿನಿಂದ ಸೀದಾ ತಂದಿದ್ದು. ಪೂರ್ತಿ ಕಲ್ಲಾಗಿತ್ತು."

"ಅದಕ್ಕೇನಾ ಚೀಲ ಅಷ್ಟು ಹೊತ್ತಾದ್ರೂ ಬಿಸಿಯಾಗ್ಲಿಲ್ಲ? ನಾನು ನಿನ್ನ ಹಾಲೇ ದಪ್ಪ ಅಂದ್ಕೊಂಡೆ." ಇರ್ಮಾ ನಕ್ಕಳು.

"ಸೀಸೆ ಹಾಕೋ ಮುಂಚೆ ಅಷ್ಟೊಂದು ಡಬ್ಬಕ್ಕೆ ಬೀಳ್ತಿತ್ತು. ಹಾಕಿದ ಮೇಲೆ ಒಂದೂ ಬೀಳಲಿಲ್ಲ."

ಚೀಟಿ ಹರಿಯುತ್ತಿದ್ದ ಕೈ ಅರ್ಧಕ್ಕೆ ನಿಂತಿತು. ಒಂದೇ ಕ್ಷಣ. ಆಮೇಲೆ ಮತ್ತೆ ಹರಿಯಿತು.

"ಕುಲುಮೇಲಿ ಮೇಲಿನ ತಟ್ಟೆ ಬೆಂದುಹೋಗಿರುತ್ತೆ, ಕೆಳಗಿನದು ಸರಿ ಇರುತ್ತೆ. ಎಷ್ಟು ಸಲ ನೋಡಿಲ್ಲ ನಾನು?"

"ಥರ್ಮಾಮೀಟರು ಆ ಕಡೆ ಮೂಲೇಲಿ, ಸೀಸೆ ಈ ಕಡೆ. ರೆಕ್ಕೆ ಬೇರೆ ನಿಂತಿತ್ತು..."

"ತೊಟ್ಟಿಗೆ ಎಷ್ಟು ಮೂಲೆ ಅಂತ ನೀನು ನನಗೆ ಹೇಳ್ಕೊಡ್ತೀಯೇನೇ? ನೀವು ಪಿಟ್ಸ್‌ಬರ್ಗಿನೋರು ಸೀನು ಬಂದ್ರೆ ಪಾದ್ರಿಗೆ ಹೇಳಿಕಳಿಸೋ ಜನ!" ಇರ್ಮಾಳ ಕೆನ್ನೆ ಕೆಂಪೇರಿತ್ತು. ಆಚೀಚೆ ನೋಡಿ ದನಿ ತಗ್ಗಿಸಿದಳು. "ಕೇಳಿಲ್ಲಿ ಹುಡುಗಿ. ಆ ತೊಟ್ಟಿ ಕಿತ್ತು ಮಷೀನು ಕೂರಿಸೋಕೆ ಮೇಲಿನೋರು ನೆಪ ಹುಡುಕ್ತಿದ್ದಾರೆ. ಈಸ್ಟರ್ ಕಳೆದ್ರೆ ನಾನು ಬಿಟ್ಟು ಹೋಗೋಳು. ಕೇಕ್ ಕತ್ತರಿಸಿ ಕಳಿಸ್ಲಿ ಅಂತ ಆಸೆ ನನಗೆ. ಇವಳೇ ಕೆಡಿಸಿದೋಳು ಅಂತ ಬೆರಳು ತೋರಿಸಿ ಅಲ್ಲ. ಆ ಬಿಲ್ಲೆ ನಾನು ನೋಡಿದ್ದೀನಿ. ಸರಿ ಇವೆ. ಹೋಗು, ಮೀನು ತಣ್ಣಗಾಗುತ್ತೆ."

ಡೋರೀನ್ ಇಳಿದು ಹೋದಳು. ಮೀನು, ಕೋಸಿನ ಪಚಡಿ, ಮ್ಯಾಕರೋನಿ ಎಲ್ಲ ಒಂದೇ ರುಚಿಯಾಗಿತ್ತು. ಎದುರಿನ ಮೇಜಿನಲ್ಲಿ ನಾರ್ಬರ್ಟ್ ಹೆಂಡತಿಯ ತಟ್ಟೆಯಿಂದ ಮೀನಿನ ಚೂರು ಕದಿಯುತ್ತಿದ್ದ. ಎದ್ದು ಹೋಗಿ ಹೇಳಿಬಿಡಬಹುದಿತ್ತು. ಮೆಟ್ಟಿಲ ಮೇಲಿಂದ ಇರ್ಮಾಳ ದನಿ ಕೇಳುತ್ತಲೇ ಇತ್ತು, ಎಂದಿಗಿಂತ ಸ್ವಲ್ಪ ಜೋರಾಗಿ. ಡೋರೀನ್ ಕೂತಲ್ಲಿಂದ ಏಳಲಿಲ್ಲ.

ಶನಿವಾರ ತಿಂಡಿಯಾದ ಮೇಲೆ ಅವಳು ಬಚ್ಚಲ ತೊಟ್ಟಿಯ ತೂಬು ಮುಚ್ಚಿ ನೀರು ಬಿಟ್ಟಳು. ಮಗುವಿನ ಸ್ನಾನದ ಥರ್ಮಾಮೀಟರನ್ನು ಒಂದು ತುದಿಯಲ್ಲಿ ತೇಲಿಬಿಟ್ಟು ನೀರನ್ನು ಮೈಬಿಸಿಗೆ ತಂದಳು. ಫ್ರೀಜರಿನಿಂದ ಒಂದಲ್ಲ, ಇದ್ದ ಸೀಸೆಗಳನ್ನೆಲ್ಲ ತಂದು, ಬ್ರೆಡ್ಡಿನ ಚೀಲಕ್ಕೆ ಹಾಕಿ, ಇನ್ನೊಂದು ತುದಿಯಲ್ಲಿ ಇಳಿಬಿಟ್ಟಳು. ಅಲ್ಲಿಯದಕ್ಕಿಂತ ಇಲ್ಲಿಯ ತೊಟ್ಟಿ ದೊಡ್ಡದು, ಸೀಸೆಯೂ ಹೆಚ್ಚು ಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ನೀರು ಕದಡದಂತೆ ಮಂಡಿಯೂರಿ ಕೂತು ಕಾದಳು.

ಕರ್ಟ್ ಬಾಗಿಲಲ್ಲಿ ಬಂದು ನಿಂತ. "ಯಾರಿಗೆ ಸ್ನಾನ? ಸೀಸೆಗಾ?"

"ಉಸಿರೆತ್ಬೇಡ. ನೀರು ಅಲ್ಲಾಡುತ್ತೆ."

"ನನ್ನ ಉಸಿರಿಗೆ ನೀರು ಅಲ್ಲಾಡುತ್ತಾ? ಡೋರೀನ್, ನಿನಗೆ ನಿದ್ದೆ ಬೇಕು."

ಅವಳು ಮಗುವಿನ ನೀರು ನೋಡುವ ಹಾಗೆ ಮೊಣಕೈಯನ್ನು ಸೀಸೆಗಳ ಪಕ್ಕ ಮುಳುಗಿಸಿದಳು. ರೋಮ ಎದ್ದು ನಿಂತಿತು. ಆ ತುದಿಯ ಥರ್ಮಾಮೀಟರು ಮಾತ್ರ ಏನೂ ಆಗದವರ ಹಾಗೆ ಮೈಬಿಸಿಯನ್ನೇ ತೋರಿಸುತ್ತಿತ್ತು.

"ಬಾ, ಇಲ್ಲಿ ಕೈ ಇಡು."

ಕರ್ಟ್ ತೋಳು ಮಡಚಿ ಕೈಯಿಟ್ಟ. ಮುಖದ ಮೇಲಿನ ನಗು ಇಳಿಯಿತು. ಅವಳು ಎಲ್ಲವನ್ನೂ ಹೇಳಿದಳು. ಅವನು ಬಚ್ಚಲ ಅಂಚಿನಲ್ಲಿ ಕೂತು ಕೇಳಿ, ಬಹಳ ಹೊತ್ತು ಟವೆಲಿನಲ್ಲಿ ಕೈ ಒರೆಸುತ್ತಲೇ ಇದ್ದ.

"ಇರ್ಮಾ ನಮ್ಮ ಮದುವೆಗೆ ಆರು ತಟ್ಟೆ ಬಿಸ್ಕತ್ತು ಮಾಡಿ ತಂದಿದ್ರು," ಎಂದ ಕೊನೆಗೆ.

"ಗೊತ್ತು."

"ನೀನು ಹೇಳಿದ್ರೆ ಈ ಊರಲ್ಲಿ ನಿನ್ನನ್ನ ಸುಮ್ನೆ ಬಿಡಲ್ಲ. ಇದು ಪಿಟ್ಸ್‌ಬರ್ಗ್ ಅಲ್ಲ. ಇಪ್ಪತ್ತು ವರ್ಷ ಆದ್ರೂ 'ಆ ಫೋನ್ ಮಾಡಿದವಳು' ಅಂತಾರೆ."

"ಹೇಳಬೇಡ ಅಂತೀಯಾ?"

"ನಾನು ಏನೂ ಅನ್ನಲಿಲ್ಲ." ಅವನು ಎದ್ದು ಮಗುವನ್ನು ನೋಡಲು ಹೋದ.

ಫೋನು ಅಡುಗೆಮನೆಯ ಗೋಡೆಯಲ್ಲಿತ್ತು. ಡೋರೀನ್ ರಿಸೀವರು ಎತ್ತಿದಳು, ಇಟ್ಟಳು. ಒಲೆಯ ಮೇಲಿದ್ದ ಕಾಫಿ ಪಾತ್ರೆ ತೊಳೆದಳು. ಮತ್ತೆ ಎತ್ತಿದಳು, ಇಟ್ಟಳು. ತನ್ನ ಲೆಕ್ಕವೇ ತಪ್ಪಿದ್ದರೆ? ಎಣ್ಣೆಯೇ ಬೇರೆ, ನೀರೇ ಬೇರೆ. ಮೇಲಿನ ತಟ್ಟೆ ನಿಜವಾಗಿಯೂ ಬೆಂದಿದ್ದು ಕೆಳಗಿನದು ಸರಿಯಿದ್ದರೆ? ಒಂದು ಇಡೀ ಆಯುಸ್ಸು ಒಂದೂ ಸುಳ್ಳು ಬಿಲ್ಲೆಯನ್ನು ಹೊರಗೆ ಬಿಡದವಳ ಹೆಸರನ್ನು, ಸೀನಿಗೂ ಹೆದರುವ ತನ್ನಂಥವಳ ಮೊಣಕೈ ನಂಬಿ ಕೆಡಿಸುವುದೆ? ತಪ್ಪಾದರೂ ಅದು ಇರ್ಮಾಳದ್ದೆ? ಫ್ರೀಜರಿನಿಂದ ಕಿತ್ತುಕೊಂಡು ಓಡಿದವಳು ತಾನು. ಚೀಲ ಕೊಡುವಾಗ ಹಾಲು ಗಟ್ಟಿಯಾಗಿದೆ ಎಂದು ಒಂದು ಮಾತು ಹೇಳಲಿಲ್ಲವಲ್ಲ.

ಕಾಲು ತಾನಾಗಿ ಅವಳನ್ನು ಮಗುವಿನ ಕೋಣೆಗೆ ಎಳೆಯಿತು. ಕರ್ಟ್ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಲಿಡಿಯಾ ಮುಷ್ಟಿ ಕಟ್ಟಿಕೊಂಡು ಮಲಗಿತ್ತು. ಡೋರೀನ್ ಉಸಿರು ನೋಡಲು ಬಾಗಿದವಳು ಜಮಖಾನೆಯ ಮೇಲಿನ ನಾಲ್ಕು ಗುಳಿಗಳನ್ನು ನೋಡಿದಳು. ಎಷ್ಟು ಗುಡಿಸಿದರೂ ಅವು ಏಳಲೊಲ್ಲವು.

ಹಿಮ ಬೀಳುತ್ತಿದ್ದ ದಿನಗಳಲ್ಲಿ ಕರೆಂಟು ಒಂದೆರಡು ನಿಮಿಷ ಹೋಗಿ ಬರುತ್ತಿತ್ತು. ಯಂತ್ರದ ಗುಂಯ್ ಎನ್ನುವ ಸದ್ದು ಫಕ್ಕನೆ ನಿಲ್ಲುತ್ತಿತ್ತು. ಮನೆಯೆಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಅವಳೂ ಉಸಿರಾಡುತ್ತಿರಲಿಲ್ಲ. ಆಮೇಲೆ ದೀಪ ಬರುತ್ತಿತ್ತು, ಒಂದು ಸಣ್ಣ ನಡುಕದೊಂದಿಗೆ ಗುಂಯ್ ಎಂದು ಸದ್ದು ಮತ್ತೆ ಹುಟ್ಟುತ್ತಿತ್ತು. ಪ್ರತಿ ಸಲವೂ ಹುಟ್ಟಿತ್ತು. ಆಗ ಅವಳು ದೇವರಿಗೆ ಕೈ ಮುಗಿದಿದ್ದಳು. ಯಾವುದೋ ಬೆಂಚಿನಲ್ಲಿ ಯಾರೋ ಒಬ್ಬ ಇರ್ಮಾ ಚಿಮಟದಲ್ಲಿ ಎತ್ತಿ, ಮೈಬಿಸಿಯಲ್ಲಿ ಅಳೆದು, ಸರಿ ಎಂದು ಕಳಿಸಿದ ಬಿಲ್ಲೆ ಒಳಗೆ ಕೂತಿದೆ ಎಂದು ಆಗ ಅವಳಿಗೆ ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ಯಾವುದೋ ಮನೆಯ ಜಮಖಾನೆಯ ಮೇಲೆ ಅಂಥದೇ ನಾಲ್ಕು ಕಾಲು ಊರಿ ನಿಂತ ಯಂತ್ರ. ಕರೆಂಟು ಹೋಯಿತು, ಬಂತು. ಪುಕ್ಕಲು ಬಿಲ್ಲೆ ನುಗ್ಗನ್ನು ತಡೆಯಲಿಲ್ಲ, ಒಳಗೆ ಫ್ಯೂಸು ಹಾರಿತು. ದೀಪ ಉರಿಯುತ್ತಿದೆ. ಗುಂಯ್ ಎನ್ನುವ ಸದ್ದು ಮಾತ್ರ ಹುಟ್ಟುತ್ತಿಲ್ಲ. ಆ ತಾಯಿ ಕಾಯುತ್ತ ನಿಂತಿದ್ದಾಳೆ.

ಡೋರೀನ್ ಅಡುಗೆಮನೆಗೆ ಬಂದು, ಯೋಚನೆಗೆ ಎಡೆ ಕೊಡದೆ ನಂಬರು ತಿರುಗಿಸಿದಳು.

"ಹಲೋ?" ಬಾಯಲ್ಲಿ ಏನೋ ಅಗಿಯುತ್ತಿದ್ದ ನಾರ್ಬರ್ಟ್.

"ನಾನು ಡೋರೀನ್. ಸೋಮವಾರದ ಲಾರೀಲಿ ಆಕ್ಸಿಜನ್ ಮಷೀನಿನ ಲಾಟು ಹಾಕಬೇಡಿ. ನಿನ್ನೆ ಅದನ್ನ ಅಳೆಯೋವಾಗ ತೊಟ್ಟಿ ತಣ್ಣಗಿತ್ತು. ಅದರಲ್ಲಿ ನನ್ನ ಹಾಲಿನ ಸೀಸೆ ಇತ್ತು." ಅವಳು ಒಂದೇ ಉಸಿರಿಗೆ ಸುರಿದಳು. ಇನ್ನೊಂದು ಉಸಿರಿಗೆ ನಿಂತರೆ ಬಾಯಿ ಕಟ್ಟೀತೆಂದು ಭಯ.

ಆ ಕಡೆ ಅಗಿಯುವುದು ನಿಂತಿತು. ಆಮೇಲೆ ನಗು. "ಸೀಸೆನಾ? ಅಯ್ಯೋ ಮಾರಾಯ್ತಿ, ಇದಕ್ಕಾ ಇಷ್ಟು ಗಾಬರಿ? ಆ ತೊಟ್ಟಿ ಹಾಲು ಕುಡಿದೇ ನಾನು ಇಷ್ಟು ದಪ್ಪ ಆಗಿದ್ದು. ಒಂದು ಸೀಸೆಗೆ ತೊಟ್ಟಿಗೇನೂ ಆಗಲ್ಲ."

"ಅದು ಫ್ರೀಜರಿನ ಸೀಸೆ. ಕಲ್ಲಾಗಿತ್ತು. ಗೇಟಿಗೆ ತಂದಾಗಲೂ ಒಳಗೆ ಗಡ್ಡೆ ಇತ್ತು."

ಅವನ ಮನೆಯ ಟೀವಿಯಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ನಾರ್ಬರ್ಟ್ ಅದನ್ನು ಆರಿಸಿದ.

"ರೆಕ್ಕೆ ನಿಲ್ಲಿಸಿದ್ರಾ?"

"ನಿಲ್ಲಿಸಿದ್ವಿ."

"ಇರ್ಮಾಗೆ ಇದು ಗೊತ್ತಾ?"

ಇದೇ ಪ್ರಶ್ನೆಗೆ ಅವಳು ರಾತ್ರಿಯೆಲ್ಲ ಉತ್ತರ ಹುಡುಕಿದ್ದಳು. ಸಿಕ್ಕಿದ್ದವು ಕೂಡ, ಒಂದಕ್ಕಿಂತ ಒಂದು ನಯವಾದವು. ಈಗ ಒಂದೂ ಬಾಯಿಗೆ ಬರಲಿಲ್ಲ.

"ಅಳೆಯೋವಾಗ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ನಿನ್ನೆ ಸಂಜೆ ಹೇಳಿದೆ. ಬಿಲ್ಲೆ ಸರಿ ಇವೆ ಅಂದ್ರು." "ಸರಿ ಇರಬಹುದು. ಅವರು ಹೇಳಿದ ಮೇಲೆ ಇರಬಹುದು. ಇನ್ನೊಂದು ಸಲ ನೋಡಲಿ, ನಾರ್ಬರ್ಟ್, ಅಷ್ಟೇ. ಬೇರೆ ಯಾರೂ ಬೇಡ, ಅವರೇ ನೋಡಲಿ. ಸೀಸೆ ಇಲ್ಲದೆ."

ಆ ಕಡೆ ಕುರ್ಚಿ ಕಿರುಗುಟ್ಟಿತು.

"ಲಾಟು ನಿಲ್ಲಿಸ್ತೀನಿ," ಎಂದ ನಾರ್ಬರ್ಟ್. "ಆದ್ರೆ ಯಾಕೆ ನಿಲ್ಲಿಸಿದೆ ಅಂತ ಮೇಲೆ ಹೇಳ್ಬೇಕು. ಹೇಳಿದ್ರೆ ಆ ತೊಟ್ಟಿ ಇನ್ನು ಉಳಿಯಲ್ಲ ಕಣಮ್ಮ. ಆ ಫೋಟೋಗಳೂ."

"ಹೂಂ."

"ಇರ್ಮಾಗೆ ಈಗಲೇ ಫೋನ್ ಮಾಡಿ ಹೇಳ್ಬೇಕು. ಸೋಮವಾರ ಎಲ್ಲರ ಎದುರಿಗೆ ಗೊತ್ತಾಗೋದು ಬೇಡ. ನಾನು ಮಾಡ್ಲಾ?"

ಬಚ್ಚಲಿನಲ್ಲಿ ಸೀಸೆಗಳು ಇನ್ನೂ ನೀರಿನಲ್ಲೇ ಇದ್ದವು. ಕರಗಿದ ಹಾಲನ್ನು ಮತ್ತೆ ಗಟ್ಟಿ ಮಾಡುವಂತಿಲ್ಲ. ಇಷ್ಟೂ ಹಾಲು ಇವತ್ತೇ ಮುಗಿಯಬೇಕು, ಇಲ್ಲ ಚೆಲ್ಲಬೇಕು. ಅದು ಈಗ ಯಾಕೆ ನೆನಪಾಯಿತೋ.

"ಬೇಡ," ಎಂದಳು ಡೋರೀನ್. "ನೀವು ಮಾಡಬೇಡಿ. ಅವರ ಮನೆ ಇಲ್ಲೇ ಕೆಳಗಿನ ಬೀದೀಲಿ. ಮಗು ಎತ್ಕೊಂಡು ನಾನೇ ಹೋಗ್ತೀನಿ."